ಫ್ರೆಂಚ್ ಪದವಿ ಮುಗಿಸಲು ಇನ್ನೂ ಏನೇನು ಬಾಕಿ? 98 ಕ್ರೆಡಿಟ್ ಇದ್ದರೂ ಆಡಿಟ್ ತುಂಬ ಕೆಂಪು

ಅರೆಬರೆ_ಫ್ರೆಂಚ್ ಕೇಳಿದ್ದು:

ಫ್ರೆಂಚ್ ಮೇಜರ್ (ಪದವಿಯ ಮುಖ್ಯ ವಿಷಯ) ಮಾಡುತ್ತಿದ್ದೇನೆ. ಆರು ಸೆಮಿಸ್ಟರ್ ಮುಗಿದಿದೆ. ಏಳನೆಯದರಲ್ಲೇ ಪದವಿ ಮುಗಿಸಿ ಒಂದು ಸೆಮಿಸ್ಟರ್ ಫೀಸು ಉಳಿಸೋಣ ಅಂತ ಲೆಕ್ಕ ಹಾಕಿಕೊಂಡಿದ್ದೆ, ಮನೆಯಲ್ಲೂ ಹೇಳಿಬಿಟ್ಟಿದ್ದೆ. ನಿನ್ನೆ ರಾತ್ರಿ ಡಿಗ್ರಿ ಆಡಿಟ್ (ಪದವಿಗೆ ಏನಾಗಿದೆ, ಏನು ಬಾಕಿ ಅಂತ ತೋರಿಸುವ ಪಟ್ಟಿ) ತೆಗೆದು ನೋಡಿದರೆ ಅರ್ಧ ಪುಟ ಕೆಂಪು.

ನಮ್ಮಲ್ಲಿ ಪದವಿಗೆ ಒಟ್ಟು 120 ಕ್ರೆಡಿಟ್ ಬೇಕು, ಅದರಲ್ಲಿ 36 ಫ್ರೆಂಚ್ ವಿಭಾಗದ್ದು. ನನ್ನ ಲೆಕ್ಕದಲ್ಲಿ ಈಗಾಗಲೇ 106 ಆಗಿರಬೇಕಿತ್ತು. ಆಡಿಟ್ 98 ಅಂತ ತೋರಿಸುತ್ತಿದೆ. ಆ 8 ಎಲ್ಲಿ ಹೋಯಿತು ಅಂದರೆ, ನಾನು ಸೇರುವಾಗ ಪ್ಲೇಸ್‌ಮೆಂಟ್ ಪರೀಕ್ಷೆ ಬರೆದು ಮೊದಲ ವರ್ಷದ ಎರಡು ಭಾಷಾ ಕೋರ್ಸ್ ಹಾರಿ ನೇರವಾಗಿ ಎರಡನೇ ವರ್ಷದ ಕ್ಲಾಸಿಗೆ ಹೋದೆ, ಒಂದೊಂದು ಕೋರ್ಸಿಗೂ 4 ಕ್ರೆಡಿಟ್, ಅದು ಸಿಕ್ಕಿದೆ ಅಂತಲೇ ಮೂರು ವರ್ಷ ನಂಬಿಕೊಂಡಿದ್ದೆ. ಸಿಕ್ಕಿಲ್ಲವಂತೆ.

ಎರಡನೆಯದು, ಐದನೇ ಸೆಮಿಸ್ಟರ್ ಫ್ರಾನ್ಸ್‌ನಲ್ಲಿ ಓದಿದೆ. ಐದು ಕೋರ್ಸ್, ಒಂದೊಂದಕ್ಕೆ 6 ಇಸಿಟಿಎಸ್ (ಯುರೋಪಿನ ಕ್ರೆಡಿಟ್), ಒಟ್ಟು 30. ಇಲ್ಲಿಗೆ ಬಂದಾಗ ಅದು 15 ಕ್ರೆಡಿಟ್ ಆಗಿದೆ, ಅದೇನೋ ಸರಿ. ಆದರೆ ಐದೂ ಕೋರ್ಸ್ 'ಸಾಮಾನ್ಯ ಐಚ್ಛಿಕ' ಅನ್ನುವ ಮೂಟೆಗೆ ಹೋಗಿ ಬಿದ್ದಿವೆ. ಅದರಲ್ಲಿ ಮೂರು ಅಂದರೆ ಫ್ರೆಂಚ್ ಸಾಹಿತ್ಯ, ಫ್ರೆಂಚ್ ಭಾಷೆಯ ಇತಿಹಾಸ ಮತ್ತು ಫ್ರೆಂಚ್ ಸಿನಿಮಾ! ಫ್ರಾನ್ಸ್‌ಗೇ ಹೋಗಿ ಓದಿದ ಫ್ರೆಂಚ್ ಸಾಹಿತ್ಯ ಫ್ರೆಂಚ್ ಮೇಜರ್‌ಗೆ ಲೆಕ್ಕಕ್ಕಿಲ್ಲ ಅಂದರೆ ಹೇಗೆ ಸ್ವಾಮಿ? ಹೀಗಾಗಿ ಮೇಜರ್‌ನಲ್ಲಿ 36ಕ್ಕೆ 24 ಮಾತ್ರ ಆಗಿದೆ.

ಮೂರನೆಯದು, ಫೋನೆಟಿಕ್ಸ್ (ಧ್ವನಿಶಾಸ್ತ್ರ) ಕೋರ್ಸ್ ಕಡ್ಡಾಯ ಅಂತೆ. ನಾನು ತೆಗೆದುಕೊಂಡಿಲ್ಲ. ನನ್ನ ಉಚ್ಚಾರಣೆ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಾರೆ, ಮತ್ತೆ ಯಾಕೆ? ಕೊನೆಗೆ ಕ್ಯಾಪ್‌ಸ್ಟೋನ್ ಸೆಮಿನಾರ್, ಅಂದರೆ ಪದವಿಯ ಕೊನೆಯ ದೊಡ್ಡ ಕೋರ್ಸ್. ಅದು ವರ್ಷಕ್ಕೊಂದೇ ಸಲ, ಎಂಟನೇ ಸೆಮಿಸ್ಟರ್‌ನಲ್ಲಿ ಮಾತ್ರ ಇರುತ್ತದೆ.

ಡೆಲ್ಫ್ ಬಿ2 ಅನ್ನುವ ಫ್ರೆಂಚ್ ಭಾಷಾ ಪರೀಕ್ಷೆ ಪಾಸಾಗಿದ್ದೇನೆ, 71 ಅಂಕ ಬಂದಿದೆ. ಭಾಷೆ ಬರುತ್ತದೆ ಅಂತ ಅಷ್ಟು ಸಾಬೀತಾದ ಮೇಲೂ ಇವೆಲ್ಲ ಯಾಕೆ ಬೇಕು? ಏಳನೇ ಸೆಮಿಸ್ಟರ್‌ಗೆ ಮುಗಿಸುವ ದಾರಿ ಏನಾದರೂ ಇದೆಯಾ? ಇದನ್ನೆಲ್ಲ ದಾಟಿ ಬಂದವರು ದಯವಿಟ್ಟು ಹೇಳಿ.

---

ಕ್ರೆಡಿಟ್_ಲೆಕ್ಕಿಗ:

ಮೊದಲು ಸಮಾಧಾನ ಮಾಡಿಕೊಳ್ಳಿ, ಆಡಿಟ್‌ನ ಕೆಂಪು ಅಂದರೆ ಫೇಲ್ ಅಲ್ಲ. ಅದು ಒಂದು ಸಾಫ್ಟ್‌ವೇರ್. ಅದಕ್ಕೆ ಗೊತ್ತಿರುವುದು ಕೋರ್ಸಿನ ಕೋಡ್ ಮಾತ್ರ. ನಿಮ್ಮ ಫ್ರಾನ್ಸ್ ಕೋರ್ಸ್‌ಗೆ ಇಲ್ಲಿನ ಕೋಡ್ ಯಾರೂ ಹಾಕಿಲ್ಲ, ಹಾಗಾಗಿ ಅದು ಮೂಟೆಗೆ ಎಸೆದು ಸುಮ್ಮನಾಗಿದೆ.

ನಾನು ಆರು ವರ್ಷ ಇಂಥದ್ದೇ ಒಂದು ಕಚೇರಿಯಲ್ಲಿ ಕೆಲಸ ಮಾಡಿದವನು (ಫ್ರೆಂಚ್ ಒಂದಕ್ಷರ ಬರುವುದಿಲ್ಲ, ಆದರೆ ಫ್ರೆಂಚ್ ಮೇಜರ್‌ನವರ ಆಡಿಟ್ ಬೇಕಾದಷ್ಟು ನೋಡಿದ್ದೇನೆ). ಹೆಚ್ಚಿನವರು ಮಾಡುವ ತಪ್ಪು ಒಂದೇ. ಪದವಿ ಅಂದರೆ ಹುಂಡಿ ಅಂದುಕೊಳ್ಳುತ್ತಾರೆ, ಕ್ರೆಡಿಟ್ ಹಾಕುತ್ತಾ ಹೋದರೆ 120 ತುಂಬಿದ ದಿನ ಒಡೆದು ತೆಗೆದುಕೊಳ್ಳಬಹುದು ಅಂತ. ಅದು ಹುಂಡಿ ಅಲ್ಲ, ಮಸಾಲೆ ಡಬ್ಬಿ. ಒಂದೊಂದು ಬಟ್ಟಲೂ ಬೇರೆ ಬೇರೆ ತುಂಬಬೇಕು. ಒಂದರಲ್ಲಿ ಜಾಸ್ತಿ ಆಯಿತು ಅಂತ ಪಕ್ಕದ್ದಕ್ಕೆ ಸುರಿಯುವ ಹಾಗಿಲ್ಲ.

ಅಮೆರಿಕದ ಮಾದರಿಯಲ್ಲಿ ನಡೆಯುವ ಕಡೆ 120 ಕ್ರೆಡಿಟ್ ಅನ್ನುವುದು ಸಾಮಾನ್ಯ. ಅದರೊಳಗೆ ಮೇಜರ್‌ಗೆ 30ರಿಂದ 36ರ ಆಸುಪಾಸು, ಸಾಮಾನ್ಯ ಶಿಕ್ಷಣದ ಒಂದು ದೊಡ್ಡ ಪಾಲು, ಉಳಿದದ್ದು ನಿಮ್ಮ ಇಷ್ಟ. ಮೇಜರ್ ಒಳಗೂ ಮತ್ತೆ ಬಟ್ಟಲುಗಳಿವೆ. ಇಷ್ಟು ಕ್ರೆಡಿಟ್ ಮೇಲಿನ ಹಂತದ ಕೋರ್ಸ್‌ಗಳಿಂದಲೇ ಬರಬೇಕು, ಇಷ್ಟು ಸಾಹಿತ್ಯ, ಇಷ್ಟು ಭಾಷಾಶಾಸ್ತ್ರ, ಕೊನೆಗೊಂದು ಸೆಮಿನಾರ್ ಅಥವಾ ಪ್ರಬಂಧ. ಇದಲ್ಲದೆ 'ರೆಸಿಡೆನ್ಸಿ' ಅಂತ ಒಂದಿದೆ. ಹಾಸ್ಟೆಲ್ ವಾಸಕ್ಕೂ ಅದಕ್ಕೂ ಸಂಬಂಧ ಇಲ್ಲ. ಒಟ್ಟು ಕ್ರೆಡಿಟ್‌ನಲ್ಲಿ ಇಂತಿಷ್ಟನ್ನು ನಿಮ್ಮ ಸ್ವಂತ ವಿಶ್ವವಿದ್ಯಾಲಯದಲ್ಲೇ ಓದಿರಬೇಕು ಅನ್ನುವ ನಿಯಮ. ಎಷ್ಟೋ ಕಡೆ ಕೊನೆಯ 30 ಕ್ರೆಡಿಟ್ ಅಲ್ಲೇ ಆಗಬೇಕು ಅಂತ ಇರುತ್ತದೆ. ನೀವು ಐದನೇ ಸೆಮಿಸ್ಟರ್‌ನಲ್ಲಿ ಹೋಗಿ ಬಂದದ್ದು ಒಳ್ಳೆಯದಾಯಿತು, ಏಳನೆಯದರಲ್ಲಿ ಹೋಗಿದ್ದರೆ ಈ ನಿಯಮ ಕಾಲಿಗೆ ತೊಡರುತ್ತಿತ್ತು.

ಆ 8 ಕ್ರೆಡಿಟ್ ವಿಷಯ. ವಿನಾಯಿತಿ ಬೇರೆ, ಕ್ರೆಡಿಟ್ ಬೇರೆ. ಪ್ಲೇಸ್‌ಮೆಂಟ್ ಪರೀಕ್ಷೆ ಹೇಳಿದ್ದು 'ಇವರು ಈ ಎರಡು ಕೋರ್ಸ್ ಓದಬೇಕಾಗಿಲ್ಲ' ಅಂತ ಮಾತ್ರ. ಓದದೇ ಇದ್ದದ್ದಕ್ಕೆ ಕ್ರೆಡಿಟ್ ಕೊಡುವುದು ಅವರವರ ಇಷ್ಟ. ಕೆಲವು ಕಡೆ ಕೊಡುತ್ತಾರೆ, ಮೇಲಿನ ಕೋರ್ಸ್‌ನಲ್ಲಿ ಬಿ ಅಥವಾ ಅದಕ್ಕಿಂತ ಒಳ್ಳೆಯ ಗ್ರೇಡ್ ತೆಗೆದರೆ ಕೆಳಗಿನ ಕೋರ್ಸ್‌ನ ಕ್ರೆಡಿಟ್ ಹಿಂದಿನಿಂದ ಸೇರಿಸುತ್ತಾರೆ. ಆದರೆ ಅರ್ಜಿ ಹಾಕಬೇಕು, ಅದಕ್ಕೊಂದು ಗಡುವೂ ಇರುತ್ತದೆ. ನೀವು ಸೇರಿದ ವರ್ಷದ ಕೈಪಿಡಿ ತೆಗೆದು ನೋಡಿ. ಈ ವರ್ಷದ್ದಲ್ಲ, ಸೇರಿದ ವರ್ಷದ್ದು. ಸಾಮಾನ್ಯವಾಗಿ ನಿಮಗೆ ಅನ್ವಯಿಸುವುದು ಅದೇ. ಹೊಸ ಕೈಪಿಡಿಯಲ್ಲಿ ನಿಮಗೆ ಲಾಭ ಇದ್ದರೆ ಅದಕ್ಕೆ ಬದಲಾಯಿಸಿಕೊಳ್ಳಲು ಕೆಲವರು ಬಿಡುತ್ತಾರೆ, ಆದರೆ ಎರಡರಿಂದಲೂ ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳಲು ಯಾರೂ ಬಿಡುವುದಿಲ್ಲ.

ಇನ್ನೊಂದು. ಯಾವುದಾದರೂ ಫ್ರೆಂಚ್ ಕೋರ್ಸನ್ನು ಗ್ರೇಡ್ ಇಲ್ಲದೆ ಬರೀ ಪಾಸ್-ಫೇಲ್ ಅಂತ ತೆಗೆದುಕೊಂಡಿದ್ದೀರಾ? ಅದು ಒಟ್ಟು 120ಕ್ಕೆ ಸೇರುತ್ತದೆ, ಮೇಜರ್‌ಗೆ ಬಹಳ ಕಡೆ ಸೇರುವುದಿಲ್ಲ.

---

ಸುಮ್ನೆ_ಬಂದೆ:

ಬಿ2 ಬದಲು ಅದರ ಮೇಲಿನ ಪರೀಕ್ಷೆ ಡಾಲ್ಫ್ ಸಿ1 ಬರೆದುಬಿಡಿ. ಆ ಸರ್ಟಿಫಿಕೇಟ್ ಮುಂದಿಟ್ಟರೆ ವಿಭಾಗದವರು ಬಾಯಿ ಬಿಡುವುದಿಲ್ಲ, ಫೋನೆಟಿಕ್ಸೂ ಬೇಡ ಏನೂ ಬೇಡ. ನನ್ನ ಸ್ನೇಹಿತನೊಬ್ಬ ಹಾಗೇ ಮಾಡಿದ ಅಂತ ಕೇಳಿದ್ದೇನೆ.

---

ನಿವೃತ್ತ_ಮೇಡಂ:

ಮೇಲಿನವರೇ, 'ಅಂತ ಕೇಳಿದ್ದೇನೆ' ಅನ್ನುವುದನ್ನು ನಂಬಿಕೊಂಡು ಯಾರಾದರೂ ಪರೀಕ್ಷೆ ಫೀಸು ಕಟ್ಟಿಬಿಟ್ಟಾರು, ಸ್ವಲ್ಪ ನೋಡಿಕೊಂಡು ಬರೆಯಿರಿ.

ಫ್ರೆಂಚ್ ಕಲಿಸಿ ನಿವೃತ್ತಳಾದವಳು ನಾನು. ಡೆಲ್ಫ್, ಡಾಲ್ಫ್ ಎರಡೂ ಫ್ರಾನ್ಸಿನ ಶಿಕ್ಷಣ ಸಚಿವಾಲಯ ಕೊಡುವ ಭಾಷಾ ಡಿಪ್ಲೊಮಾಗಳು. ಬಹಳ ಒಳ್ಳೆಯವು. ಒಮ್ಮೆ ಪಾಸಾದರೆ ಜೀವನಪೂರ್ತಿ ಚಾಲ್ತಿ, ಟಿಸಿಎಫ್ ಅನ್ನುವ ಇನ್ನೊಂದು ಫ್ರೆಂಚ್ ಪರೀಕ್ಷೆಯ ಹಾಗೆ ಎರಡು ವರ್ಷಕ್ಕೆ ಮುಗಿದುಹೋಗುವುದಿಲ್ಲ. ಬಿ2ನಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಒಂದೊಂದಕ್ಕೂ 25, ಒಟ್ಟು 50 ಬಂದರೆ ಪಾಸು, ಯಾವುದರಲ್ಲೂ 5ಕ್ಕಿಂತ ಕೆಳಗೆ ಇಳಿಯಬಾರದು. 71 ಅಂದರೆ ಚೆನ್ನಾಗಿಯೇ ಮಾಡಿದ್ದೀರಿ. ಆದರೆ ಅದು ಅಳೆಯುವುದು ಭಾಷೆಯನ್ನು ಬಳಸುವ ಶಕ್ತಿಯನ್ನು. ಯುರೋಪಿನ ಭಾಷಾ ಚೌಕಟ್ಟು 2001ರಲ್ಲಿ ಬಂತಲ್ಲ, ಎ1ರಿಂದ ಸಿ2ವರೆಗೆ ಆರು ಮೆಟ್ಟಿಲು, ಅದರಲ್ಲಿ ನೀವು ಎಲ್ಲಿ ನಿಂತಿದ್ದೀರಿ ಅಂತ ಹೇಳುತ್ತದೆ ಅಷ್ಟೇ. ಫ್ರೆಂಚ್ ಪದವಿ ಅನ್ನುವುದು ಫ್ರೆಂಚ್ ಬರುತ್ತದೆ ಅನ್ನುವುದರ ಸರ್ಟಿಫಿಕೇಟ್ ಅಲ್ಲವೇ ಅಲ್ಲ. ಹಾಗಿದ್ದರೆ ಆ ಭಾಷೆಯ ನಾಡಿನಲ್ಲಿ ಹುಟ್ಟಿದವರು ಯಾರೂ ಅದನ್ನು ಓದಬೇಕಾಗಿರಲಿಲ್ಲ. ಕನ್ನಡ ಎಂ.ಎ. ಮಾಡುವವರಿಗೆ ಕನ್ನಡ ಬರುವುದಿಲ್ಲವಾ? ಹಳಗನ್ನಡ, ಛಂದಸ್ಸು, ವ್ಯಾಕರಣ ಯಾಕೆ ಓದುತ್ತಾರೆ? ಇಲ್ಲೂ ಅದೇ.

ಫೋನೆಟಿಕ್ಸ್ ಬಗ್ಗೆ ನಿಮ್ಮ ಪ್ರಶ್ನೆ ನನಗೆ ಇಷ್ಟವಾಯಿತು, ಪ್ರತಿ ವರ್ಷ ಯಾರಾದರೊಬ್ಬರು ಕೇಳೇ ಕೇಳುತ್ತಿದ್ದರು. ಉಚ್ಚಾರಣೆ ಚೆನ್ನಾಗಿರುವುದು ಬೇರೆ, ಅದು ಯಾಕೆ ಹಾಗಿದೆ ಅಂತ ಗೊತ್ತಿರುವುದು ಬೇರೆ. ಕನ್ನಡದವರಿಗೆ ಫ್ರೆಂಚ್‌ನ ಪ, ತ, ಕ ಸುಲಭವಾಗಿ ಒಲಿಯುತ್ತದೆ, ಯಾಕೆಂದರೆ ಫ್ರೆಂಚರೂ ನಮ್ಮ ಹಾಗೆ ಉಸಿರು ಚೆಲ್ಲದೆ ಹೇಳುತ್ತಾರೆ, ಇಂಗ್ಲಿಷಿನವರು ಪದದ ಮೊದಲಲ್ಲಿ ಅದನ್ನು ಫ, ಥ, ಖ ಕಡೆಗೆ ಎಳೆಯುತ್ತಾರೆ. ಅವರ ತ ಕೂಡ ನಮ್ಮ ತ ಹಾಗೆ ಹಲ್ಲಿಗೆ ತಾಗುವ ತ. ಇದು ನಮಗೆ ಪುಕ್ಕಟೆ ಸಿಕ್ಕ ಲಾಭ. ಆದರೆ 'ನೀನು' ಅನ್ನುವ ತ್ಯು ಮತ್ತು 'ಎಲ್ಲ' ಅನ್ನುವ ತೂ, ಇವೆರಡನ್ನು ಬೇರೆ ಮಾಡಿ ಹೇಳಿ ನೋಡೋಣ? ಮೊದಲನೆಯದರ ಸ್ವರ ಕನ್ನಡದಲ್ಲಿ ಇಲ್ಲವೇ ಇಲ್ಲ, ನಾನು ಮೇಲೆ ಬರೆದಿರುವ ಅಕ್ಷರವೂ ಸುಳ್ಳೇ. ನಾಲಿಗೆ 'ಇ' ಹೇಳಬೇಕು, ತುಟಿ 'ಉ' ಹೇಳಬೇಕು, ಎರಡೂ ಒಟ್ಟಿಗೆ. ಮೂಗಿನ ಸ್ವರಗಳಂತೂ ಇನ್ನೊಂದು ಕಥೆ. ವೈನ್, ಗಾಳಿ, 'ಅವರು ಹೋಗುತ್ತಾರೆ', ಈ ಮೂರು ಪದಗಳಿಗೂ ಮುಂದೆ 'ವ' ಒಂದೇ, ವ್ಯತ್ಯಾಸ ಇರುವುದು ಮೂಗಿನಲ್ಲಿ ಹೊರಡುವ ಆ ಸ್ವರದಲ್ಲಿ ಮಾತ್ರ. ನಾವು ಮೂರಕ್ಕೂ ಕೊನೆಯಲ್ಲಿ ಒಂದು 'ನ್' ಅಂಟಿಸಿ ಪಾರಾಗುತ್ತೇವೆ. ಕೇಳುವವರು ಸಂದರ್ಭದಿಂದ ಅರ್ಥ ಮಾಡಿಕೊಂಡು ಚೆನ್ನಾಗಿದೆ ಅನ್ನುತ್ತಾರೆ, ಪಾಪ.

ನಾಳೆ ನೀವು ಕಲಿಸಲು ಹೋದರೆ ಇದು ಬೇಕೇ ಬೇಕು. ಅಮೆರಿಕದಲ್ಲಿ ಶಾಲೆಯಲ್ಲಿ ಫ್ರೆಂಚ್ ಕಲಿಸುವ ತರಬೇತಿಯ ಹಾದಿ ಹಿಡಿದರೆ ಪದವಿ ಜೊತೆಗೆ ಮಾತಿನ ಪರೀಕ್ಷೆಯಲ್ಲಿ 'ಅಡ್ವಾನ್ಸ್‌ಡ್ ಲೋ' ಅನ್ನುವ ಮಟ್ಟ ಸಾಮಾನ್ಯವಾಗಿ ಕೇಳುತ್ತಾರೆ. ಪದವಿಯ ಗ್ರೇಡ್ ಎಲ್ಲ ಎ ಇದ್ದೂ ಆ ಅರ್ಧ ಗಂಟೆಯ ಸಂದರ್ಶನದಲ್ಲಿ ಎಡವಿದವರನ್ನು ನೋಡಿದ್ದೇನೆ. ಭೂತಕಾಲದಲ್ಲಿ ಒಂದು ಘಟನೆಯನ್ನು ಶುರುವಿನಿಂದ ಕೊನೆಯವರೆಗೆ ಹೇಳಿ ಅಂದರೆ ಮಧ್ಯದಲ್ಲಿ ವರ್ತಮಾನಕ್ಕೆ ಜಾರಿಬಿಡುತ್ತಾರೆ.

ಕ್ಯಾಪ್‌ಸ್ಟೋನ್ ತಪ್ಪಿಸಿಕೊಳ್ಳಬೇಡಿ. ನಿಜವಾದ ಪದವಿ ಇರುವುದೇ ಅಲ್ಲಿ. ಮೊದಲ ಎರಡು ವರ್ಷ ನೀವು ಬರೆದದ್ದು 'ನನ್ನ ರಜೆ', 'ನಗರ ಜೀವನದ ಒಳಿತು ಕೆಡುಕು'. ಅಲ್ಲಿಂದ ಹಠಾತ್ತನೆ ಒಂದು ಹಳೇ ಕವಿತೆ ಕೊಟ್ಟು ಎಕ್ಸ್‌ಪ್ಲಿಕಾಸಿಯೋ ದ ತೆಕ್ಸ್ತ್ ಬರೆಯಿರಿ ಅನ್ನುತ್ತಾರೆ, ಸಾಲು ಸಾಲಾಗಿ ಬಿಡಿಸಬೇಕು. ಇಲ್ಲ ದಿಸೆರ್ತಾಸಿಯೋ ಬರೆಯಿರಿ ಅನ್ನುತ್ತಾರೆ, ಮೊದಲು ಪ್ರೊಬ್ಲೆಮಾತಿಕ್, ಅಂದರೆ ಇಡೀ ಪ್ರಬಂಧದ ಮೂಲ ಪ್ರಶ್ನೆ ಹಿಡಿಯಬೇಕು, ಆಮೇಲೆ ವಾದ, ಪ್ರತಿವಾದ, ಎರಡನ್ನೂ ದಾಟಿದ ಮೂರನೇ ಭಾಗ. ನನ್ನ ಹಳೇ ಉತ್ತರಪತ್ರಿಕೆಗಳಲ್ಲಿ ಕೆಂಪು ಶಾಯಿ ಜಾಸ್ತಿ ಸುರಿದದ್ದು ವ್ಯಾಕರಣಕ್ಕಲ್ಲ, ಮೂರನೇ ಭಾಗದಲ್ಲಿ ಮೊದಲೆರಡನ್ನೇ ಮತ್ತೆ ಹೇಳಿದ್ದಕ್ಕೆ. ಇದು ಒಂದು ಸೆಮಿಸ್ಟರ್‌ನಲ್ಲಿ ಬರುವ ವಿದ್ಯೆ ಅಲ್ಲ. ಇನ್ನೊಂದು, ಮಾತಿನಲ್ಲಿ ಎಲ್ಲೂ ಕೇಳದ ಪಾಸೆ ಸ್ಯಾಂಪ್ಲ್ ಅನ್ನುವ ಭೂತಕಾಲ ಕಾದಂಬರಿ ತೆಗೆದರೆ ಪುಟ ಪುಟದಲ್ಲೂ ಸಿಗುತ್ತದೆ. ಬಿ2ನಲ್ಲಿ ಅದನ್ನು ಬಳಸಿ ಅಂತ ಯಾರೂ ಕೇಳಿರುವುದಿಲ್ಲ. ಸಾಹಿತ್ಯದ ಕ್ಲಾಸಿನಲ್ಲಿ ಗುರುತು ಸಿಗದಿದ್ದರೆ ಕಥೆಯೇ ಸಿಗುವುದಿಲ್ಲ.

ಹಾಗಂತ ಸಿ1 ಬರೆಯಬೇಡಿ ಅಂತಲ್ಲ. ಅದರ ಬರವಣಿಗೆಯಲ್ಲಿ ಹಲವು ಲೇಖನ ಓದಿ 220 ಪದದ ಸಾರಾಂಶ ಬರೆಯಬೇಕು, ಸ್ವಂತ ಅಭಿಪ್ರಾಯ ಒಂದು ಸಾಲೂ ಸೇರಿಸದೆ, ಅವರ ವಾಕ್ಯ ಎತ್ತಿಕೊಳ್ಳದೆ. ಕ್ಯಾಪ್‌ಸ್ಟೋನ್‌ಗೆ ಅದಕ್ಕಿಂತ ಒಳ್ಳೆಯ ಅಂಗಸಾಧನೆ ಇಲ್ಲ. ಕ್ರೆಡಿಟ್‌ಗೋಸ್ಕರ ಬರೆಯಬೇಡಿ ಅಷ್ಟೇ.

---

ಸುಮ್ನೆ_ಬಂದೆ:

ಸರಿ ಮೇಡಂ, ತಪ್ಪಾಯಿತು. ಆ ಸ್ನೇಹಿತನಿಗೆ ಈಗ ಫೋನ್ ಮಾಡಿ ಕೇಳಿದೆ, ಅವನಿಗೆ ಸಿಕ್ಕಿದ್ದು ಭಾಷಾ ಕೋರ್ಸ್ ಒಂದರ ವಿನಾಯಿತಿ ಮಾತ್ರವಂತೆ. ಪದವಿ ಅವನೂ ನಾಲ್ಕು ವರ್ಷಕ್ಕೇ ಮುಗಿಸಿದ್ದು.

---

ಒಂದ್_ವರ್ಷ_ಅಲ್ಲಿದ್ದೆ:

ಫ್ರಾನ್ಸ್ ಕೋರ್ಸ್‌ಗಳ ವಿಷಯಕ್ಕೆ ನಾನು ಬರುತ್ತೇನೆ, ಇದರಲ್ಲಿ ಕೈ ಸುಟ್ಟುಕೊಂಡವಳು.

30 ಇಸಿಟಿಎಸ್‌ಗೆ 15 ಕ್ರೆಡಿಟ್ ಅನ್ನುವುದು ಸಾಮಾನ್ಯ ಲೆಕ್ಕ, ಎರಡಕ್ಕೊಂದು. ಅಲ್ಲಿ ಒಂದು ಸೆಮಿಸ್ಟರ್ ಅಂದರೆ 30, ವರ್ಷಕ್ಕೆ 60, ಮೂರು ವರ್ಷದ ಲಿಸಾನ್ಸ್‌ಗೆ (ಅಲ್ಲಿನ ಪದವಿ) 180. ಅದರಲ್ಲಿ ನಿಮಗೆ ಮೋಸ ಆಗಿಲ್ಲ. ನೀವು ನೋಡಬೇಕಾದದ್ದು ಎರಡು. ಯಾವ ಕೋರ್ಸ್ ಇಲ್ಲಿನ ಯಾವ ಕೋರ್ಸ್‌ಗೆ ಸಮ ಅನ್ನುವುದು ಮತ್ತು ಗ್ರೇಡ್.

ಮೊದಲನೆಯದಕ್ಕೆ, ಹೋಗುವ ಮುಂಚೆ ಸಹಿ ಹಾಕಿದ ಕಲಿಕಾ ಒಪ್ಪಂದ ಇದೆಯಾ? ಅದರಲ್ಲಿ ಬರೆದ ಕೋರ್ಸ್‌ಗಳೇ ಓದಿದ್ದೀರಾ, ಅಲ್ಲಿ ಹೋದ ಮೇಲೆ ಬದಲಾಯಿಸಿದ್ದೀರಾ? ನಾನು ಬದಲಾಯಿಸಿದ್ದೆ. ಎಲ್ಲರೂ ಬದಲಾಯಿಸುತ್ತಾರೆ, ಎರಡು ಕ್ಲಾಸ್ ಒಂದೇ ಹೊತ್ತಿಗೆ ಬಂದರೆ ಇನ್ನೇನು ಮಾಡುವುದು. ಬದಲಾಯಿಸಿದ್ದನ್ನು ಇಲ್ಲಿಗೆ ಮೇಲ್ ಮಾಡಿ ಒಪ್ಪಿಗೆ ತೆಗೆದುಕೊಳ್ಳಬೇಕಿತ್ತು, ನಾನು ತೆಗೆದುಕೊಂಡಿರಲಿಲ್ಲ. ವಾಪಸ್ ಬಂದ ಮೇಲೆ ಸಿಲಬಸ್ ತೋರಿಸಿ ಅಂದರು. ಅಲ್ಲಿನ ಮೇಷ್ಟ್ರು ಸಿಲಬಸ್ ಅಂತ ಕೊಟ್ಟದ್ದು ಅರ್ಧ ಪುಟ, ಅದರಲ್ಲೂ ಮುಕ್ಕಾಲು ಪುಸ್ತಕಗಳ ಪಟ್ಟಿ! ಕೊನೆಗೆ ನನ್ನ ನೋಟ್ಸ್, ಬರೆದ ಪ್ರಬಂಧಗಳು, ಪರೀಕ್ಷೆಯ ಪ್ರಶ್ನೆಪತ್ರಿಕೆ ಎಲ್ಲ ಸ್ಕ್ಯಾನ್ ಮಾಡಿ ಒಂದೇ ಕಡತ ಮಾಡಿ ಕೊಟ್ಟೆ. ವಾರಕ್ಕೆ ಎಷ್ಟು ಗಂಟೆ ಕ್ಲಾಸು, ಎಷ್ಟು ಪುಟ ಬರೆದೆ, ಯಾವ ಭಾಷೆಯಲ್ಲಿ ಬರೆದೆ, ಇವು ಮೂರನ್ನು ಮೊದಲ ಪುಟದಲ್ಲೇ ಹಾಕಿ. ಅವರು ಹುಡುಕುವುದು ಅದನ್ನೇ. 'ಯಾವ ಭಾಷೆ' ಅನ್ನುವುದು ಮುಖ್ಯ, ಫ್ರಾನ್ಸ್‌ನಲ್ಲಿ ಹೊರಗಿಂದ ಬಂದ ವಿದ್ಯಾರ್ಥಿಗಳಿಗೆ ಅಂತ ಇಂಗ್ಲಿಷ್‌ನಲ್ಲಿ ನಡೆಯುವ ಕೋರ್ಸ್‌ಗಳೂ ಇರುತ್ತವೆ. ನಿಮ್ಮ ಸಿನಿಮಾ ಕೋರ್ಸ್ ಅಂಥದ್ದಾ?

ಗ್ರೇಡ್ ವಿಷಯ ಇನ್ನೂ ತಮಾಷೆ. ಅಲ್ಲಿ ಅಂಕ 20ಕ್ಕೆ. 10 ಬಂದರೆ ಪಾಸು, 12 ಅಂದರೆ ಪರವಾಗಿಲ್ಲ, 14 ಅಂದರೆ 'ಚೆನ್ನಾಗಿದೆ', 16 ಅಂದರೆ 'ಬಹಳ ಚೆನ್ನಾಗಿದೆ', ಅದರ ಮೇಲೆ ಅಂದರೆ ಊರಿಗೆಲ್ಲ ಹೇಳಿಕೊಂಡು ತಿರುಗಬಹುದು. ನನಗೆ 14 ಬಂದಿತ್ತು, ಕುಣಿದಾಡಿದ್ದೆ. ಇಲ್ಲಿ ಬಂದರೆ ಯಾರೋ ಪುಣ್ಯಾತ್ಮರು 14ನ್ನು 20ರಿಂದ ಭಾಗಿಸಿ 70 ಪರ್ಸೆಂಟ್ ಮಾಡಿ ಸಿ ಹಾಕಿದ್ದರು. ಎರಡು ತಿಂಗಳು ಓಡಾಡಿ ಸರಿ ಮಾಡಿಸಿದೆ. ಟ್ರಾನ್ಸ್‌ಕ್ರಿಪ್ಟ್ ಹಿಂದೆ ಅಂಕಗಳ ವಿವರಣೆ ಇದ್ದರೆ ಅದನ್ನೂ ಕೊಡಿ. ಇನ್ನೊಂದು ಏನೆಂದರೆ ಅಲ್ಲಿ ಒಂದರಲ್ಲಿ 8 ಬಂದು ಇನ್ನೊಂದರಲ್ಲಿ 13 ಬಂದರೆ ಸರಾಸರಿ ಹಿಡಿದು ಎರಡೂ ಪಾಸ್ ಮಾಡಿಬಿಡುವ ಪದ್ಧತಿ ಇದೆ, ಕೊಂಪಾನ್ಸಾಸಿಯೋ ಅನ್ನುತ್ತಾರೆ. ಇಲ್ಲಿನವರು ಆ 8ನ್ನು ಒಂಟಿಯಾಗಿ ನೋಡಿ ಫೇಲ್ ಅನ್ನಬಹುದು. ನಿಮಗೆ 10ಕ್ಕಿಂತ ಕೆಳಗೆ ಯಾವುದೂ ಇಲ್ಲ ಅಂದುಕೊಳ್ಳುತ್ತೇನೆ.

---

ಅರೆಬರೆ_ಫ್ರೆಂಚ್:

ಅಯ್ಯೋ, ಸಿನಿಮಾ ಕೋರ್ಸ್ ಇಂಗ್ಲಿಷ್‌ನಲ್ಲೇ ನಡೆದದ್ದು. ಸಿನಿಮಾಗಳು ಫ್ರೆಂಚ್, ಪಾಠ ಇಂಗ್ಲಿಷ್. ಅದನ್ನು ನಾನು ಯೋಚನೆಯೇ ಮಾಡಿರಲಿಲ್ಲ. ಉಳಿದೆರಡು ಪೂರ್ತಿ ಫ್ರೆಂಚ್. ಸಾಹಿತ್ಯದ್ದರಲ್ಲಿ 13, ಭಾಷೆಯ ಇತಿಹಾಸದಲ್ಲಿ 11. 11 ಬಂದದ್ದಕ್ಕೆ ನಾಚಿಕೆಯಾಗಿ ಯಾರಿಗೂ ಹೇಳಿರಲಿಲ್ಲ, ಈಗ ಸ್ವಲ್ಪ ಸಮಾಧಾನ ಆಯಿತು.

ತ್ಯು, ತೂ ಎರಡನ್ನೂ ಕನ್ನಡಿ ಮುಂದೆ ನಿಂತು ಹತ್ತು ಸಲ ಹೇಳಿದೆ ಮೇಡಂ. ರೆಕಾರ್ಡ್ ಮಾಡಿ ಕೇಳಿದರೆ ಎರಡೂ ಒಂದೇ.

ಕೈಪಿಡಿ ನೋಡಿದೆ. ಹಿಂದಿನ ಕ್ರೆಡಿಟ್‌ಗೆ ಅರ್ಜಿ ಮೊದಲ ವರ್ಷದೊಳಗೆ ಹಾಕಬೇಕಿತ್ತಂತೆ. ಹೋಯಿತು ಆ 8. ಒಂದು ಪ್ರಶ್ನೆ ಉಳಿದಿದೆ, ಕ್ಯಾಪ್‌ಸ್ಟೋನ್ ಬದಲು ಏಳನೇ ಸೆಮಿಸ್ಟರ್‌ನಲ್ಲೇ ಯಾರಾದರೂ ಪ್ರೊಫೆಸರ್ ಕೈಕೆಳಗೆ ಒಂಟಿಯಾಗಿ ಒಂದು ಮೆಮ್ವಾರ್ (ಉದ್ದದ ಸಂಶೋಧನಾ ಪ್ರಬಂಧ) ಬರೆದರೆ ಆಗುತ್ತದಾ?

---

ಕ್ರೆಡಿಟ್_ಲೆಕ್ಕಿಗ:

ಕೇಳಿ ನೋಡಬಹುದು, ಬದಲಿ ಕೋರ್ಸ್ ಅರ್ಜಿ ಅಂತಲೇ ಇರುತ್ತದೆ, ವಿಭಾಗದ ಮುಖ್ಯಸ್ಥರು ಸಹಿ ಹಾಕಬೇಕು. ಆದರೆ ಅದು ಒಪ್ಪಿಗೆಯಾದರೂ ನೀವು ಏಳಕ್ಕೆ ಮುಗಿಸಲಾರಿರಿ. ಲೆಕ್ಕ ನೋಡಿ. ಒಟ್ಟಿನಲ್ಲಿ 98 ಇದೆ, ಇನ್ನು 22 ಬೇಕು. ಒಂದೇ ಸೆಮಿಸ್ಟರ್‌ನಲ್ಲಿ 22 ತೆಗೆದುಕೊಳ್ಳಲು ವಿಶೇಷ ಅನುಮತಿ ಬೇಕು, ಸಿಕ್ಕಿದರೂ ಮಾಡಬೇಡಿ. ಅದರೊಳಗೆ ಮೆಮ್ವಾರ್ ಬೇರೆ! ಫೀಸು ಉಳಿಸಲು ಹೋಗಿ ಗ್ರೇಡ್ ಕಳೆದುಕೊಂಡವರ ಕಡತ ನನ್ನ ಮೇಜಿನ ಮೇಲೆ ಬಂದುಹೋಗಿವೆ.

ಮೇಜರ್ ಕಡೆ ನೋಡಿದರೆ ಅಷ್ಟೇನೂ ಕೆಟ್ಟದಾಗಿಲ್ಲ. 24 ಇದೆ. ಸಾಹಿತ್ಯ ಮತ್ತು ಭಾಷೆಯ ಇತಿಹಾಸ ಎರಡನ್ನೂ ಒಪ್ಪಿದರೆ 3 ಮತ್ತು 3, ಅಂದರೆ 30. ಫೋನೆಟಿಕ್ಸ್ 3, ಕ್ಯಾಪ್‌ಸ್ಟೋನ್ 3. ಸರಿಯಾಗಿ 36. ಸಿನಿಮಾವನ್ನು ಮರೆತುಬಿಡಿ, ಅದು ಒಟ್ಟು 120ರಲ್ಲಿ ಈಗಾಗಲೇ ಸೇರಿದೆ, ಅಲ್ಲೇ ಇರಲಿ.

ಫೋನೆಟಿಕ್ಸ್ ಯಾವಾಗ ನಡೆಯುತ್ತದೆ ಅಂತ ಇವತ್ತೇ ನೋಡಿ. ಚಿಕ್ಕ ವಿಭಾಗಗಳಲ್ಲಿ ಇಂಥ ಕೋರ್ಸ್ ವರ್ಷಕ್ಕೊಮ್ಮೆ, ಕೆಲವೊಮ್ಮೆ ಎರಡು ವರ್ಷಕ್ಕೊಮ್ಮೆ. ಇದನ್ನು ಯಾವ ಆಡಿಟ್ಟೂ ಹೇಳುವುದಿಲ್ಲ. ಬಾಕಿ ಇದೆ ಅಂತ ಮಾತ್ರ ಹೇಳುತ್ತದೆ, ಯಾವಾಗ ಸಿಗುತ್ತದೆ ಅಂತ ಹೇಳುವುದಿಲ್ಲ.

ಅಡ್ವೈಸರ್ ಬಾಯಲ್ಲಿ 'ಆಗುತ್ತದೆ ಬಿಡಿ' ಅಂದರೆ ಸಾಲದು. ಆ ಸಂಜೆಯೇ ಅವರಿಗೆ ಒಂದು ಮೇಲ್ ಹಾಕಿ, 'ಇವತ್ತು ನೀವು ಹೇಳಿದ್ದು ನಾನು ಹೀಗೆ ಅರ್ಥ ಮಾಡಿಕೊಂಡೆ' ಅಂತ. ಅಡ್ವೈಸರ್‌ಗಳು ಬದಲಾಗುತ್ತಾರೆ, ರಜೆ ಮೇಲೆ ಹೋಗುತ್ತಾರೆ. ಮೇಲ್ ಎಲ್ಲೂ ಹೋಗುವುದಿಲ್ಲ.

---

ಮೂರೇ_ವರ್ಷ:

ಬೇರೆ ಪದ್ಧತಿಯಲ್ಲಿ ಓದುವವರು ಇದನ್ನು ಓದಿ ಹೆದರಬೇಡಿ ಅಂತ ಹೇಳಲು ಬಂದೆ. ನಾನು ಯುರೋಪಿನ 180 ಇಸಿಟಿಎಸ್ ಪದ್ಧತಿಯಲ್ಲಿ ಓದಿದವನು. ಅಲ್ಲಿ ಸಾಮಾನ್ಯ ಶಿಕ್ಷಣದ ಗಲಾಟೆ ಅಷ್ಟಿರಲಿಲ್ಲ, ಮೊದಲ ದಿನದಿಂದಲೇ ಫ್ರೆಂಚ್. ಬದಲಿಗೆ ಆಯ್ಕೆಯೂ ಕಡಿಮೆ, ಯಾವ ಸೆಮಿಸ್ಟರ್‌ನಲ್ಲಿ ಏನು ಅಂತ ಅವರೇ ಬರೆದುಕೊಟ್ಟಿದ್ದರು. ಒಂದು ಇಸಿಟಿಎಸ್‌ಗೆ 25ರಿಂದ 30 ಗಂಟೆಯ ದುಡಿಮೆ ಅಂತ ಲೆಕ್ಕ, ಮನೆಯಲ್ಲಿ ಓದುವುದೂ ಸೇರಿ. ಇಂಗ್ಲೆಂಡ್ ಕಡೆ ಆನರ್ಸ್‌ಗೆ 360 ಅನ್ನುತ್ತಾರೆ, ಸಂಖ್ಯೆ ದೊಡ್ಡದು ಅಷ್ಟೇ, ಅಲ್ಲಿನ ಎರಡು ಯುರೋಪಿನ ಒಂದಕ್ಕೆ ಸಮ. ಅಲ್ಲಿ ಭಾಷೆ ಓದುವವರಿಗೆ ಸಾಮಾನ್ಯವಾಗಿ ನಾಲ್ಕು ವರ್ಷ, ಮೂರನೇ ವರ್ಷ ಪೂರ್ತಿ ಹೊರದೇಶದಲ್ಲಿ.

ಎಲ್ಲೇ ಓದಿದರೂ ಕೊನೆಗೆ ಸಿಕ್ಕಿಹಾಕಿಕೊಳ್ಳುವುದು ಒಂದೇ ಜಾಗದಲ್ಲಿ, ಅನುವಾದ. ಫ್ರೆಂಚ್‌ನಿಂದ ಬರುವುದು ಸುಲಭ, ಫ್ರೆಂಚ್‌ಗೆ ಹೋಗುವುದು ನರಕ. ನಿಮ್ಮಲ್ಲಿ ಅನುವಾದದ ಕೋರ್ಸ್ ಇದ್ದರೆ ಉಳಿದ ಕ್ರೆಡಿಟ್ ಅಲ್ಲಿ ಹಾಕಿ.

---

ಅರೆಬರೆ_ಫ್ರೆಂಚ್:

ಮೂರು ವಾರ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಎರಡು ಕೋರ್ಸ್‌ಗೆ ಕಡತ ಮಾಡಿ ಕೊಟ್ಟೆ, ಮೊದಲ ಪುಟದಲ್ಲಿ ಗಂಟೆ, ಪುಟ, ಭಾಷೆ, ಮೂರೂ ಹಾಕಿ. ಸಾಹಿತ್ಯದ್ದು ಎರಡೇ ದಿನದಲ್ಲಿ ಒಪ್ಪಿದರು. ಭಾಷೆಯ ಇತಿಹಾಸಕ್ಕೆ ಮುಖ್ಯಸ್ಥರು ಕರೆಸಿ ಕೂರಿಸಿ ಇಪ್ಪತ್ತು ನಿಮಿಷ ಫ್ರೆಂಚ್‌ನಲ್ಲೇ ಮಾತಾಡಿಸಿದರು. ಲ್ಯಾಟಿನ್‌ನಿಂದ ಬರುವಾಗ ಪದಗಳ ಕೊನೆ ಹೇಗೆ ಸವೆದುಹೋಯಿತು ಅಂತ ಕೇಳಿದರು, ತೊದಲುತ್ತಾ ಹೇಳಿದೆ. ಸಹಿ ಹಾಕಿದರು. ಆಡಿಟ್‌ನಲ್ಲಿ ಈಗ 30 ಹಸಿರು.

ಮೆಮ್ವಾರ್ ಬದಲಿ ಬೇಡ ಅಂದರು, ನಾನೂ ಒತ್ತಾಯ ಮಾಡಲಿಲ್ಲ. ಎಂಟು ಸೆಮಿಸ್ಟರ್ ಅಂತ ಒಪ್ಪಿಕೊಂಡೆ. ಮನೆಯಲ್ಲಿ ಹೇಳಿದಾಗ ಅಪ್ಪ 'ಮೊದಲೇ ಯಾಕೆ ನೋಡಲಿಲ್ಲ' ಅಂತ ಒಂದೇ ಮಾತು ಅಂದರು, ಅದಕ್ಕೆ ಉತ್ತರ ಇರಲಿಲ್ಲ.

22 ಕ್ರೆಡಿಟ್ ಅನ್ನು 12 ಮತ್ತು 10 ಅಂತ ಹಂಚಿಕೊಳ್ಳೋಣ ಅಂದುಕೊಂಡಿದ್ದೆ. 12ಕ್ಕಿಂತ ಕೆಳಗೆ ಇಳಿದರೆ ಪೂರ್ಣಾವಧಿ ವಿದ್ಯಾರ್ಥಿ ಅನ್ನಿಸಿಕೊಳ್ಳುವುದಿಲ್ಲ, ಸ್ಕಾಲರ್‌ಶಿಪ್ ನಿಲ್ಲುತ್ತದೆ ಅಂತ ಅಡ್ವೈಸರ್ ಕೊನೇ ಘಳಿಗೆಯಲ್ಲಿ ಹೇಳಿದರು. (ಆ ಸಂಜೆಯೇ ಮೇಲ್ ಹಾಕಿದೆ, ಲೆಕ್ಕಿಗರೇ!) ಹಾಗಾಗಿ ಕೊನೇ ಸೆಮಿಸ್ಟರ್‌ಗೆ 2 ಕ್ರೆಡಿಟ್‌ನ ಅನುವಾದ ಕಾರ್ಯಾಗಾರ ಸೇರಿಸಿಕೊಂಡೆ, ಫ್ರೆಂಚ್‌ಗೆ ಹೋಗುವ ಕಡೆಯದ್ದು. ಪದವಿ ಪಡೆಯಲು ಬೇರೆ ಅರ್ಜಿ ಹಾಕಬೇಕು, ಅದಕ್ಕೂ ಗಡುವು ಹಿಂದಿನ ಸೆಮಿಸ್ಟರ್‌ನಲ್ಲೇ ಅನ್ನುವುದೂ ಈಗಲೇ ಗೊತ್ತಾದದ್ದು. 120 ಆದರೆ ತಾನಾಗಿ ಕೊಡುತ್ತಾರೆ ಅಂದುಕೊಂಡಿದ್ದೆ.

ಫೋನೆಟಿಕ್ಸ್ ಅದೃಷ್ಟಕ್ಕೆ ಏಳನೆಯದರಲ್ಲೇ ಇತ್ತು. ಮೊದಲ ಕ್ಲಾಸ್ ನಿನ್ನೆ ಆಯಿತು. ಬಾಯಿಯ ಅಡ್ಡ ಸೀಳಿದ ಚಿತ್ರ ಹಾಕಿ ನಾಲಿಗೆ ಎಲ್ಲಿರಬೇಕು ಅಂತ ತೋರಿಸಿದರು. ಎಲ್ಲರ ಕೈಯಲ್ಲೂ ತ್ಯು, ತೂ ಹೇಳಿಸಿದರು. ನನ್ನ 'ತ' ಕೇಳಿ ಇದನ್ನು ಎಲ್ಲಿ ಕಲಿತೆ ಅಂತ ಕೇಳಿದರು. ಸ್ವರ ಮಾತ್ರ ಇನ್ನೂ ಬಂದಿಲ್ಲ.

---

ನಿವೃತ್ತ_ಮೇಡಂ:

ತುಟಿಯನ್ನು ಮೊದಲು ದುಂಡಗೆ ಮಾಡಿ ಹಿಡಿದುಕೊಳ್ಳಿ, ಆಮೇಲೆ ಅದನ್ನು ಅಲ್ಲಾಡಿಸದೆ 'ಇ' ಹೇಳಿ. ನೀವು 'ಇ' ಹೇಳಿ ಆಮೇಲೆ ತುಟಿ ದುಂಡಗೆ ಮಾಡಲು ಹೋಗುತ್ತಿದ್ದೀರಿ ಅನ್ನಿಸುತ್ತದೆ, ಅದಕ್ಕೇ ಜಾರುತ್ತಿದೆ.